ಜೊತೆಗೆ ಬಂದವರು ಕೂರುವ ಜಾಗ

ಭಾನುವಾರ ಬೆಳಿಗ್ಗೆ ಪುಂಡಿಪಲ್ಯಕ್ಕೆ ಬೆಳ್ಳುಳ್ಳಿ ಒಗ್ಗರಣೆ ಹಾಕುತ್ತಿದ್ದೆ. ಎಣ್ಣೆಯಲ್ಲಿ ಬೆಳ್ಳುಳ್ಳಿ ಕೆಂಪಗಾಗುವ ಆ ಗಳಿಗೆಯ ವಾಸನೆ ನಿಮಗೂ ಗೊತ್ತಿರುತ್ತದೆ. ಹಸಿವಿಲ್ಲದವರೂ ಒಮ್ಮೆ ಒಲೆಯ ಕಡೆ ತಿರುಗುತ್ತಾರೆ. ಪಡಸಾಲೆಯಲ್ಲಿ ಚಾಪೆಯ ಮೇಲೆ ಕಾಗದ ಹರವಿಕೊಂಡು ಕೂತಿದ್ದ ನನ್ನ ತಂಗಿ ಮಾತ್ರ ತಲೆ ಎತ್ತಲಿಲ್ಲ. ಬರೆಯುತ್ತಲೇ ಅಂದಳು: “ಅಕ್ಕಾ, ನನ್ನ ಎಡಗಿವಿ ನೆನಪಾತು ನೋಡು.”

ನಾನು ನಕ್ಕೆ. ನಾವು ಚಿಕ್ಕವರಿದ್ದಾಗ ಕಿವಿ ಸೋರಿದರೆ ನಮ್ಮ ಅರಕೇರಾದಲ್ಲಿ ಇದ್ದ ಮದ್ದು ಅದೊಂದೇ. ಎಣ್ಣೆಯಲ್ಲಿ ಬೆಳ್ಳುಳ್ಳಿ ಎಸಳು ಕಾಯಿಸಿ, ಆರಿಸಿ, ಹತ್ತಿಯಲ್ಲಿ ಅದ್ದಿ ಕಿವಿಗೆ ಹಿಂಡುವುದು. ತಂಗಿಯ ಕಿವಿಗೆ ನಾನೇ ಎಷ್ಟು ಸಲ ಹಿಂಡಿದ್ದೇನೋ ಲೆಕ್ಕವಿಲ್ಲ. ಈಗ ಅವಳು ಹಾಗೆ ಹಿಂಡಿಕೊಂಡು ಬರುವ ತಾಯಂದಿರನ್ನು ಕೂರಿಸಿಕೊಂಡು ಬೈಯುತ್ತಾಳೆ. ಬೈಯುವುದೇ ಅವಳ ನೌಕರಿಯ ಒಂದು ಭಾಗ. ನಕ್ಕೆನೇನೋ ಸರಿ, ಆದರೆ ಆ ನಗು ಅರ್ಧಕ್ಕೇ ನಿಂತಿತು. ಕಿವಿಯ ಮಾತು ಬಂದಾಗಲೆಲ್ಲ ನನಗೆ ಹಾಗಾಗುತ್ತದೆ. ಯಾಕೆ ಅಂತ ಹೇಳುವುದಕ್ಕೇ ಇದನ್ನು ಬರೆಯಲು ಕೂತಿದ್ದು.

ತಂಗಿಯ ಹೆಸರು ಹುಲಿಗೆಮ್ಮ, ಮನೆಯಲ್ಲಿ ಹುಲಿಗಿ. ನನಗಿಂತ ಐದು ವರ್ಷ ಚಿಕ್ಕವಳು. ಮಾತು ತಡವಾದ, ಕಿವಿ ಕೇಳಿಸದ ಮಕ್ಕಳಿಗೆ ಚಿಕಿತ್ಸೆ ಕೊಡುವವರನ್ನು ತಯಾರು ಮಾಡುವ ಕಾಲೇಜೊಂದು ರಾಯಚೂರಿನಲ್ಲಿದೆ. ಅಲ್ಲಿ ಪಾಠ ಹೇಳುತ್ತಾಳೆ. ಅವಳ ಎಡಗಿವಿಯ ಹಿಂದೆ ಶೇಂಗಾಕಾಯಿಯಷ್ಟು ದೊಡ್ಡ ಯಂತ್ರವಿದೆ. ಬಲಗಿವಿಗೆ ಆಪರೇಷನ್ ಆಗಿದೆ. ನಾನು ಮಾನ್ವಿಯಲ್ಲಿ ಖಡಕ್ ರೊಟ್ಟಿ ಮಾಡಿ ಮಾರುವವಳು, ಐದನೆಯ ತರಗತಿಗೆ ಶಾಲೆ ಬಿಟ್ಟವಳು. ಇಷ್ಟು ಬರೆಯಲು ಬಂದದ್ದು ನಮ್ಮ ಓಣಿಯ ಮಹಿಳಾ ಸಂಘದ ಠರಾವು ಪುಸ್ತಕದಿಂದ. ಹದಿನಾಲ್ಕು ವರ್ಷ ಸಭೆಯ ನಡಾವಳಿ ಬರೆದ ಕೈ ಇದು. ನಡುವೆ ಎಲ್ಲಾದರೂ ‘ಸರ್ವಾನುಮತದಿಂದ ಒಪ್ಪಲಾಯಿತು’ ಅಂತ ಬಂದುಬಿಟ್ಟರೆ ಹೊಟ್ಟೆಗೆ ಹಾಕಿಕೊಳ್ಳಿ.

ಭಾನುವಾರ ಅವಳು ಬಸ್ಸು ಹಿಡಿದು ನಮ್ಮ ಮನೆಗೆ ಬರುತ್ತಾಳೆ. ಬರುವಾಗ ಕೈಚೀಲದ ತುಂಬ ವಿದ್ಯಾರ್ಥಿಗಳ ಕಾಗದ. ಅವು ಎಂಥ ಕಾಗದ ಅಂತ ತಿಳಿಯಲು ನನಗೇ ಒಂದು ವರ್ಷ ಹಿಡಿಯಿತು, ಹಾಗಾಗಿ ನಿಮಗೂ ಹೇಳಿಬಿಡುತ್ತೇನೆ. ವಿದ್ಯಾರ್ಥಿಗೆ ಒಂದು ಹೊಸ ಮಗುವನ್ನು ಒಪ್ಪಿಸುವ ಮೊದಲು, ಆ ಮಗುವಿನ ಮುಖ ನೋಡುವುದಕ್ಕೂ ಮೊದಲು, ವಿದ್ಯಾರ್ಥಿ ಒಂದು ಯೋಜನೆ ಬರೆದು ತರಬೇಕು. ಮನೆಯವರು ಏನು ತೊಂದರೆ ಅಂದಿದ್ದಾರೆ, ಅವರನ್ನು ಇನ್ನೇನು ಕೇಳಬೇಕು, ಮೊದಲು ಯಾವ ಪರೀಕ್ಷೆ, ಆಮೇಲೆ ಯಾವುದು, ಆ ಕ್ರಮ ಯಾಕೆ, ಮಗು ಅತ್ತರೆ ಏನು ಮಾಡುವುದು, ನಿದ್ದೆ ಹೋದರೆ ಏನು. ಹುಲಿಗಿ ಅದನ್ನು ಓದಿ ಇಪ್ಪತ್ತಕ್ಕೆ ಅಂಕ ಹಾಕುತ್ತಾಳೆ. ಹನ್ನೆರಡು ಬಾರದಿದ್ದರೆ ಮಗುವಿನ ಹತ್ತಿರ ಹೋಗುವ ಹಾಗಿಲ್ಲ. ಕೂತು ಮತ್ತೆ ಬರೆಯಬೇಕು.

ಅವಳು ಅಂಕ ಹಾಕುವುದನ್ನು ನೋಡುವುದೇ ನನಗೊಂದು ಸಂಭ್ರಮ. ಹಸಿರು ಪೆನ್ನು ಹಿಡಿಯುತ್ತಾಳೆ. ಕಾಗದವನ್ನು ಮೊದಲಿನಿಂದ ಓದುವುದಿಲ್ಲ. ‘ಮಗು ಇದನ್ನು ಮಾಡದಿದ್ದರೆ ಮುಂದೇನು’ ಅನ್ನುವ ಪುಟಕ್ಕೆ ನೇರ ಹೋಗುತ್ತಾಳೆ. ಅಲ್ಲಿ ಎರಡು ಸಾಲಿಗಿಂತ ಕಡಿಮೆ ಇದ್ದರೆ ಒಂದು ಸಲ ಮೂಗಿನಿಂದ ಉಸಿರು ಬಿಡುತ್ತಾಳೆ. ಆ ಉಸಿರು ಕೇಳಿಯೇ ಯಾರಿಗೋ ಹತ್ತರೊಳಗೆ ಬಂತು ಅಂತ ನಾನು ಹೇಳಬಲ್ಲೆ. ಕಾಗದವೆಲ್ಲ ಇಂಗ್ಲಿಷಿನಲ್ಲಿ; ಬಸ್ಸಿನ ಬೋರ್ಡು ಓದುವಷ್ಟು ಮಾತ್ರ ಬರುವ ನಾನು ಪಕ್ಕದಲ್ಲಿ ಕೂತು ಎಲ್ಲ ತಿಳಿದವಳಂತೆ ತಲೆಯಾಡಿಸುತ್ತೇನೆ. ಅವಳು ಕನ್ನಡದಲ್ಲಿ ಬಿಡಿಸಿ ಹೇಳುತ್ತಾಳೆ. ರೊಟ್ಟಿ ಒಯ್ಯಲು ಬಂದವರು ಯಾರಾದರೂ ಬಾಗಿಲಲ್ಲಿ ನಿಂತರೆ ನಾನು ಬೇಕೆಂದೇ ದನಿ ಎತ್ತಿ, ಈ ಹುಡುಗಿಗೆ ಎಷ್ಟು ಕೊಟ್ಟಿ ಅಂತ ಕೇಳುತ್ತೇನೆ. ನಮ್ಮ ಮನೆಯಲ್ಲಿ ಕಾಲೇಜಿನವರಿಗೆ ಅಂಕ ಹಾಕುತ್ತಾರೆ ಅಂತ ಓಣಿಗೆ ಗೊತ್ತಾಗಬೇಕಲ್ಲ.

ಒಮ್ಮೆ ಗಿಲ್ಲೆಸುಗೂರಿನ ಕಡೆಯ ಕುರಿ ಕಾಯುವವರ ಮನೆಯ ಮೂರು ವರ್ಷದ ಗಂಡುಮಗುವಿಗೆ ಯೋಜನೆ ಬರೆದ ಹುಡುಗನೊಬ್ಬ, ತೋರಿಸಬೇಕಾದ ಚಿತ್ರಗಳ ಪಟ್ಟಿಯಲ್ಲಿ ಹಡಗು, ಪಿಯಾನೊ, ಹಿಮದ ಗೊಂಬೆ ಅಂತ ಬರೆದಿದ್ದ. ಹುಲಿಗಿ ಓದಿ ಹೇಳಿದಾಗ ನನಗೆ ನಗು ತಡೆಯಲಾಗಲಿಲ್ಲ. ಆ ಕೂಸು ಹಡಗು ನೋಡಿ ಸುಮ್ಮನಿದ್ದರೆ ಮಾತು ಬಾರದು ಅಂತ ಬರೆಯುತ್ತಾನೇನು ಇವನು ಅಂದೆ. ಅವಳು ಪೆನ್ನು ಕೆಳಗಿಟ್ಟು, ಹಾಗಾದರೆ ನೀನೇ ಹೇಳು, ಆ ಮನೆಯ ಕೂಸು ದಿನಾ ಏನೇನು ನೋಡುತ್ತದೆ ಅಂತ ಕೇಳಿದಳು. ಕಂಬಳಿ, ಕುರಿಮರಿ, ಬುತ್ತಿ, ನಾಯಿ, ಕೋಲು, ನೀರಿನ ಚರಿಗೆ, ಅಜ್ಜನ ತಲೆಯ ಪಟಗ, ಮೊಬೈಲು ಅಂತ ಹೇಳುತ್ತಾ ಹೋದೆ. ಅವಳು ಬರೆದುಕೊಂಡಳು. ಆ ಪಟ್ಟಿ ಈಗ ಅವಳ ತರಗತಿಯ ಗೋಡೆಯ ಮೇಲಿದೆ. ಕೆಳಗೆ ಸಣ್ಣಗೆ ನನ್ನ ಹೆಸರಿದೆ. ಇದನ್ನು ಸಂಘದ ಸಭೆಯಲ್ಲಿ ನಾನು ಹೇಳಿಕೊಂಡಿಲ್ಲ ಅಂದರೆ ಸುಳ್ಳಾಗುತ್ತದೆ. ಮೂರು ಸಭೆಯಲ್ಲಿ ಹೇಳಿದ್ದೇನೆ.

ಈಗ ಕೊನೆಯ ಪುಟಕ್ಕೆ ಬರುತ್ತೇನೆ. ಅದು ಹುಲಿಗಿಯೇ ಸೇರಿಸಿದ ಪುಟ, ಬೇರೆ ಯಾವ ಕಾಲೇಜಿನಲ್ಲೂ ಇಲ್ಲವಂತೆ. ಪುಟದ ನಡುವೆ ಒಂದು ಖಾಲಿ ಚೌಕ. ವಿದ್ಯಾರ್ಥಿ ಅದರಲ್ಲಿ ಪರೀಕ್ಷೆಯ ಕೋಣೆಯನ್ನು ಬರೆಯಬೇಕು: ಬಾಗಿಲು ಎಲ್ಲಿ, ಮೇಜು ಎಲ್ಲಿ, ಯಂತ್ರ ಎಲ್ಲಿ, ಮಗು ಎಲ್ಲಿ, ಮಗುವಿನ ಜೊತೆಗೆ ಬಂದವರು ಎಲ್ಲಿ ಕೂರುತ್ತಾರೆ. ಜೊತೆಗೆ ಬಂದವರ ಜಾಗ ತೋರಿಸದಿದ್ದರೆ ಎರಡು ಅಂಕ ಹೋಯಿತು. ಉಳಿದದ್ದೆಲ್ಲ ಎಷ್ಟೇ ಚೆನ್ನಾಗಿ ಬರೆದಿರಲಿ, ಆ ಎರಡು ಅಂಕವನ್ನು ಅವಳು ಯಾರಿಗೂ ಬಿಟ್ಟುಕೊಟ್ಟದ್ದನ್ನು ನಾನು ನೋಡಿಲ್ಲ. ವಿದ್ಯಾರ್ಥಿಗಳು ಆ ಪುಟವನ್ನು ಮೇಡಂ ರಂಗೋಲಿ ಅನ್ನುತ್ತಾರಂತೆ. ಅದನ್ನು ಹೇಳಿ ಅವಳೇ ನಗುತ್ತಾಳೆ.

ಆ ಪುಟ ಯಾಕೆ ಅಂತ ನಾನು ಎಂದೂ ಕೇಳಲಿಲ್ಲ. ಎಲ್ಲದಕ್ಕೂ ಯಾಕೆ ಏನು ಅನ್ನುವ ನಾನು ಅದೊಂದು ಪುಟ ಬಂದಾಗ ಎದ್ದು ಒಲೆಯ ಹತ್ತಿರ ಹೋಗುತ್ತಿದ್ದೆ. ಯಾಕೆಂದರೆ ಆ ಜಾಗದಲ್ಲಿ ನಾನು ಒಮ್ಮೆ ಕೂತಿದ್ದೆ.

ಹುಲಿಗಿಗೆ ಎರಡು ವರ್ಷವಾದಾಗಿನಿಂದ ಕಿವಿ ಸೋರುತ್ತಿತ್ತು. ಅಪ್ಪ ಅವ್ವ ಇಬ್ಬರೂ ಕೂಲಿಗೆ ಹೋಗುವವರು, ಹತ್ತಿ ಬಿಡಿಸುವ ದಿನಗಳಲ್ಲಿ ಬೆಳಗಾದರೆ ಮನೆಯಲ್ಲಿ ಇರುತ್ತಿರಲಿಲ್ಲ. ಅವಳು ನನ್ನ ಸೊಂಟದ ಮೇಲೆಯೇ ಬೆಳೆದಳು. ಐದು ವರ್ಷವಾದರೂ ಅವಳ ಮಾತು ಯಾರಿಗೂ ತಿಳಿಯುತ್ತಿರಲಿಲ್ಲ. ಅರ್ಧ ಅಕ್ಷರ ನುಂಗಿ, ಉಳಿದರ್ಧ ಎಳೆದು ಹೇಳುತ್ತಿದ್ದಳು. ನನಗೆ ಮಾತ್ರ ತಿಳಿಯುತ್ತಿತ್ತು. ಅವಳಿಗೆ ಏನಾದರೂ ಹೇಳಬೇಕಾದರೆ ಗದ್ದ ಹಿಡಿದು ಮುಖ ನನ್ನ ಕಡೆ ತಿರುಗಿಸಿಕೊಂಡು ಹೇಳುತ್ತಿದ್ದೆ. ಹಾಗೆ ಮಾಡು ಅಂತ ಯಾರೂ ಕಲಿಸಿರಲಿಲ್ಲ. ಅಂದರೆ ಅವಳಿಗೆ ಸರಿಯಾಗಿ ಕೇಳಿಸುವುದಿಲ್ಲ ಅನ್ನುವುದು ಆ ಮನೆಯಲ್ಲಿ ಎಲ್ಲರಿಗಿಂತ ಮೊದಲು ಗೊತ್ತಿದ್ದದ್ದು ನನಗೆ.

ಅವಳು ಏನಾದರೂ ಅಂದರೆ ಅವ್ವ, ಅಜ್ಜಿ, ಪಕ್ಕದ ಮನೆಯವರು, ಎಲ್ಲರೂ ನನ್ನ ಮುಖ ನೋಡುತ್ತಿದ್ದರು. “ಏನಂತದಬೇ ಅದು?” ನಾನು ಹೇಳುತ್ತಿದ್ದೆ. ನಿಜ ಹೇಳಬೇಕೆಂದರೆ ಸ್ವಲ್ಪ ಸೇರಿಸಿಯೂ ಹೇಳುತ್ತಿದ್ದೆ. ಸಂತೆಯ ದಿನ ಅವಳು ನೀರು ಕೇಳಿದರೆ ಮಿರ್ಚಿಭಜಿ ಬೇಕಂತೆ ಅನ್ನುತ್ತಿದ್ದೆ. ಭಜಿ ಬಂದರೆ ಅರ್ಧ ಅವಳಿಗೆ, ಅರ್ಧ ನನಗೆ, ಆಮೇಲೆ ಖಾರಕ್ಕೆ ಅವಳು ಅತ್ತಾಗ ಅವಳ ಅರ್ಧವೂ ನನಗೆ. ಪಾಪ, ಆಗಲೂ ಅವಳಿಗೆ ಬೇಕಾಗಿದ್ದದ್ದು ನೀರೇ.

ಅವಳನ್ನು ಶಾಲೆಗೆ ಸೇರಿಸಲು ಹೋದಾಗ ಹೆಡ್‌ಮಾಸ್ತರರು ಎರಡು ಸಲ ಹೆಸರು ಕೇಳಿ, ಉತ್ತರ ಬಾರದ್ದಕ್ಕೆ, ಮೊದಲು ಕಿವಿ ತೋರಿಸಿಕೊಂಡು ಬನ್ನಿ ಅಂದರು. ದೇವದುರ್ಗದಲ್ಲಿ ಕಿವಿ ಪರೀಕ್ಷೆಯ ಶಿಬಿರವಿತ್ತು. ಕೇಳಿಸದ ಮಕ್ಕಳನ್ನು ದೂರದ ಹಾಸ್ಟೆಲಿಗೆ ಹಾಕುತ್ತಾರಂತೆ ಅಂತ ಬಸ್ಸಿನಲ್ಲಿ ಯಾರೋ ಅಂದರು. ಅವ್ವ ಸೆರಗು ಬಾಯಿಗಿಟ್ಟುಕೊಂಡಳು. ನನಗೆ ಹನ್ನೊಂದು ವರ್ಷ, ಹುಲಿಗಿಗೆ ಆರು.

ಶಾಲೆಯ ಒಂದು ಕೋಣೆ, ಉದ್ದ ಸಾಲು, ಬೆಳಗಿನಿಂದ ದಣಿದ ಒಬ್ಬ ತಪಾಸಣೆಯವರು. ಅವ್ವ ಹೊರಗೆ ಹೆಸರು ಬರೆಸುತ್ತಿದ್ದಳು; ಒಳಗೆ ಹೋದವಳು ನಾನು. ಹುಲಿಗಿ ಹೊಸ ಜಾಗಕ್ಕೆ ಅಂಜಿ ಕುರ್ಚಿಯಲ್ಲಿ ಕೂರಲಿಲ್ಲ. ಹಾಗಿದ್ದರೆ ನೀನೇ ತೊಡೆಯ ಮೇಲೆ ಕೂರಿಸಿಕೋ ಅಂದರು. ಅವಳ ಎರಡೂ ಕಿವಿಗೆ ದೊಡ್ಡ ಮುಚ್ಚಳದಂಥದ್ದು ಹಾಕಿ, ಮುಂದೆ ಒಂದು ಬಟ್ಟಲು, ಒಂದು ಹಿಡಿ ಮಣಿ ಇಟ್ಟರು. ಸಪ್ಪಳ ಕೇಳಿಸಿದಾಗ ಒಂದು ಮಣಿ ಬಟ್ಟಲಿಗೆ ಹಾಕಬೇಕು. ಯಂತ್ರ ಅವಳ ಬೆನ್ನ ಹಿಂದೆ ಓರೆಗೆ ಇತ್ತು. ಅವಳಿಗೆ ಕಾಣಿಸುತ್ತಿರಲಿಲ್ಲ, ಕತ್ತು ಓರೆ ಮಾಡಿದರೆ ನನಗೆ ಕಾಣಿಸುತ್ತಿತ್ತು. ಅವರು ಗುಂಡಿ ಒತ್ತಿದಾಗಲೆಲ್ಲ ಯಂತ್ರದ ಮೇಲೆ ಒಂದು ಸಣ್ಣ ಕೆಂಪು ದೀಪ ಹತ್ತುತ್ತಿತ್ತು.

ಮೊದಲು ಎರಡು ಸಲ ದೀಪ ಹತ್ತಿತು. ಹುಲಿಗಿ ಮಣಿ ಹಿಡಿದು ಸುಮ್ಮನೆ ಕೂತಿದ್ದಳು. ಮೂರನೆಯ ಸಲ ದೀಪ ಹತ್ತಿದಾಗ ನಾನು ಲಂಗದ ಮರೆಯಲ್ಲಿ ಅವಳ ತೊಡೆ ಚಿವುಟಿದೆ. ಅವಳು ಮಣಿ ಹಾಕಿದಳು. ಆಮೇಲೆ ದೀಪ ಹತ್ತಿದಾಗಲೆಲ್ಲ ಚಿವುಟಿದೆ, ಅವಳು ಒಂದೂ ತಪ್ಪದೆ ಹಾಕಿದಳು. ತಪಾಸಣೆಯವರು ಖುಷಿಯಾಗಿ, ಇಂಥ ಶಾಣೆ ಕೂಸು ಇವತ್ತು ಬಂದೇ ಇರಲಿಲ್ಲ ಅಂದರು. ಕಿವಿಗೆ ನೀರು ತಾಗಿಸಬೇಡಿ ಅಂತ ಹೇಳಿ, ಕೇಳಿಸುವುದು ಸರಿ ಇದೆ ಅಂತ ಚೀಟಿ ಬರೆದುಕೊಟ್ಟರು. ಅವ್ವ ಆ ಚೀಟಿಗೆ ಅಲ್ಲೇ ಬಾಗಿಲಲ್ಲಿ ನಿಂತು ಕೈಮುಗಿದಳು.

ನಾನು ಮಾಡಿದ್ದೇನು ಅಂತ ಆ ದಿನ ನನಗೆ ತಿಳಿಯಲಿಲ್ಲ. ಶಾಲೆ ಶುರುವಾದ ಮೇಲೆ ತಿಳಿಯಿತು. ಕಿವಿ ಸರಿ ಇದೆ ಅಂತ ಚೀಟಿ ಇರುವಾಗ, ಅವಳು ಉತ್ತರ ಕೊಡದಿದ್ದದ್ದೆಲ್ಲ ಹಟವಾಯಿತು. ಮಾಸ್ತರರು ಬೆರಳಿನ ಗಣ್ಣಿಗೆ ಹೊಡೆದರು. ಅವ್ವ ಬೆನ್ನಿಗೆ ಹೊಡೆದಳು. ಮೊದಲು ಪಾಪ ಅನ್ನುತ್ತಿದ್ದ ಅಜ್ಜಿ ಕೂಡ, ಕೇಳಿಸಿಯೂ ಸುಮ್ಮನಿರುತ್ತದೆ, ಸೊಕ್ಕು ಅಂದಳು. ಎರಡನೆಯ ತರಗತಿಯಲ್ಲಿ ಅವಳು ಎರಡು ವರ್ಷ ಕೂತಳು. ನಾನು ಅಷ್ಟೂ ದಿನ ನೋಡುತ್ತಿದ್ದೆ, ಬಾಯಿ ಬಿಡಲಿಲ್ಲ. ಹೇಳಿದರೆ ಹೊಡೆತ ನನ್ನ ಕಡೆ ತಿರುಗುತ್ತಿತ್ತಲ್ಲ.

ಮೂರು ವರ್ಷವಾದ ಮೇಲೆ ಹೊಸದಾಗಿ ಬಂದ ಟೀಚರಮ್ಮ ಒಬ್ಬರು, ಈ ಹುಡುಗಿ ನನ್ನ ಬಾಯಿ ನೋಡುವಾಗ ಮಾತ್ರ ಉತ್ತರ ಕೊಡುತ್ತಾಳೆ ಅಂತ ಕಂಡುಹಿಡಿದರು. ತಾವೇ ಅಪ್ಪನನ್ನು ಕರೆದುಕೊಂಡು ರಾಯಚೂರಿನ ಆಸ್ಪತ್ರೆಗೆ ಹೋದರು. ಅಲ್ಲಿಂದ ಮುಂದಿನದೆಲ್ಲ ಹುಲಿಗಿಯ ಗಟ್ಟಿತನ. ಆಪರೇಷನ್, ಯಂತ್ರ, ಒಂದೊಂದೇ ಅಕ್ಷರ ಬಾಯಿಗೆ ಕೂರಿಸಿಕೊಳ್ಳುವ ಅಭ್ಯಾಸ. ಗೋಡೆಗೆ ಮುಖ ಮಾಡಿ ನಿಂತು ಅವಳು ಒಂದೇ ಮಾತನ್ನು ನೂರು ಸಲ ಹೇಳುತ್ತಿದ್ದದ್ದು ನನಗೆ ಇನ್ನೂ ಕೇಳಿಸುತ್ತದೆ. ಹತ್ತನೆಯ ತರಗತಿಯಲ್ಲಿ ಶಾಲೆಗೇ ಮೊದಲು ಬಂದಳು. ತನಗೆ ಮಾತು ಕಲಿಸಿದ ವಿದ್ಯೆಯನ್ನೇ ಓದುತ್ತೇನೆ ಅಂತ ಹಟ ಹಿಡಿದಳು. ಖರೆ ಹಟ ಅಂದರೆ ಅದು. ಅವಳು ಓದಿ ಬಂದು ಮೊದಲ ಸಲ ಆ ಕಾಲೇಜಿನ ಬಾಗಿಲಲ್ಲಿ ತನ್ನ ಹೆಸರಿನ ಫಲಕ ತೋರಿಸಿದಾಗ, ನಾನು ಅಕ್ಷರ ಅಕ್ಷರ ಕೂಡಿಸಿ ಇಂಗ್ಲಿಷಿನಲ್ಲೇ ಓದಿದೆ.

ಚಿವುಟಿದ್ದನ್ನು ಮಾತ್ರ ಹೇಳಲಿಲ್ಲ. ಆರು ವರ್ಷದ ಕೂಸಿಗೆ ಅದೆಲ್ಲಿ ನೆನಪಿರುತ್ತದೆ ಅಂದುಕೊಂಡಿದ್ದೆ.

ಈಗ ಮತ್ತೆ ಆ ಭಾನುವಾರಕ್ಕೆ ಬನ್ನಿ. ಪಲ್ಯ ಇಳಿಸುವ ಹೊತ್ತಿಗೆ ಬಾಗಿಲಲ್ಲಿ ಒಬ್ಬ ಹುಡುಗಿ ನಿಂತಿದ್ದಳು. ನಾಗರತ್ನ, ಹುಲಿಗಿಯ ವಿದ್ಯಾರ್ಥಿನಿ, ಹೊಳೆಯ ದಂಡೆಯ ಚೀಕಲಪರ್ವಿಯವಳು. ಊರಿನಿಂದ ರಾಯಚೂರಿಗೆ ಮರಳುವಾಗ ಮಾನ್ವಿಯಲ್ಲಿ ಇಳಿದು, ಮೇಡಂ ಅಕ್ಕನ ಮನೆ ಯಾವುದು ಅಂತ ಕೇಳಿಕೊಂಡು ಬಂದಿದ್ದಳು. ಕೈಯಲ್ಲಿ ಅವಳ ಯೋಜನೆಯ ಕಾಗದ. ಹನ್ನೊಂದು ಬಿದ್ದಿತ್ತು. ಮಂಗಳವಾರ ಅವಳಿಗೆ ಮೊದಲ ಮಗು ಸಿಗಬೇಕಾಗಿತ್ತು. ಇನ್ನೊಂದೇ ಅಂಕ ಸಾಕಿತ್ತು.

“ಮೇಡಂ, ಬೇರೆದ್ದೆಲ್ಲಾ ನಡೀತದಂತ ನೀವ ಬರ್ದೀರಿ,” ಅಂದಳು ನಿಂತುಕೊಂಡೇ. “ತಾಯಿ ಕುರ್ಚಿ ಒಂದು ತೋರಿಸಲಿಲ್ಲಂತ ಎರಡು ಮಾರ್ಕ್ಸ್ ತಗದ್ರ ಹೆಂಗ್ರಿ?”

“ಕೂಸು ಯಾರ ತೊಡಿ ಮ್ಯಾಲ ಕುಂತದಂತ ಗೊತ್ತಿಲ್ಲದ ಪರೀಕ್ಷೆ ಮಾಡಿದ್ರ,” ಅಂದಳು ಹುಲಿಗಿ, “ನೀ ಕೂಸಿನ ಕಿವಿ ನೋಡಾಕತ್ತೀಯೋ, ತೊಡಿ ಇದ್ದಾಕಿ ಕಿವಿ ನೋಡಾಕತ್ತೀಯೋ?”

ನಾನು ತಟ್ಟೆಯಲ್ಲಿ ರೊಟ್ಟಿ ಜೋಡಿಸುತ್ತಿದ್ದೆ. ಜೋಡಿಸಿದ್ದನ್ನೇ ಮತ್ತೆ ಜೋಡಿಸಿದೆ.

ಅದು ಗೊತ್ತು, ಮೊದಲನೆಯ ವಾರದಲ್ಲೇ ನೀವು ಆ ಕಥೆ ಹೇಳಿದ್ದೀರಿ, ಆದರೆ ಬರೆಯುವಾಗ ಮರೆತೆ ಅಂದಳು ನಾಗರತ್ನ. ನಾನು ತಟ್ಟೆ ಹಿಡಿದು ಬಂದದ್ದು ನೋಡಿ, ನನ್ನನ್ನು ತನ್ನ ಕಡೆ ಸೇರಿಸಿಕೊಳ್ಳುವ ಆಸೆಯಿಂದಲೋ ಏನೋ, ನನ್ನ ಕಡೆ ತಿರುಗಿದಳು. “ಅಕ್ಕಾರ, ನೀವು ಕೇಳೀರೇನ್ರಿ ಆ ಕಥಿ? ತಂಗೀನ ಹಾಸ್ಟೆಲಿಗೆ ಒಯ್ತಾರಂತ ಅಂಜಿ, ದೀಪ ಹತ್ತಿದಾಗೆಲ್ಲ ಚಿವುಟಿದ್ಲಂತ. ಎಷ್ಟು ಜೀವ ಇರಬೇಕ್ರಿ ಆ ಅಕ್ಕಗ.”

ಹುಲಿಗಿ ಹಸಿರು ಪೆನ್ನಿನ ಮುಚ್ಚಳ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು.

“ನಿನಗ ಗೊತ್ತಿತ್ತು?” ಅಂದೆ.

“ಚಿವುಟಿಸ್ಕೊಂಡ ತೊಡಿ ನಂದಲ್ಲೇನಕ್ಕಾ?”

ನನ್ನ ಬುದ್ಧಿ ನೋಡಿ. ಮೂವತ್ತೊಂದು ವರ್ಷ ನಾನು ಆ ಗುಟ್ಟನ್ನು ಜೋಪಾನ ಮಾಡಿದ್ದು ಯಾರಿಂದ? ನೋವಾದದ್ದು ಯಾರಿಗೋ ಅವಳಿಂದಲೇ. ನಾಗರತ್ನ ಒಮ್ಮೆ ನನ್ನನ್ನು, ಒಮ್ಮೆ ಮೇಡಂ ಅವರನ್ನು ನೋಡಿದಳು. ಅವಳ ಕಣ್ಣು ತೇವವಾದವು. ಆ ಗಳಿಗೆಯಲ್ಲಿ ನಾನು ಸುಮ್ಮನಿದ್ದಿದ್ದರೆ ಸಾಕಾಗಿತ್ತು. ಪ್ರತಿ ವರ್ಷ ಹೊಸ ಹುಡುಗ ಹುಡುಗಿಯರಿಗೆ ಹುಲಿಗಿ ನನ್ನ ಪ್ರೀತಿಯ ಕಥೆ ಹೇಳುತ್ತಿದ್ದಳು. ಹೆಸರಿಲ್ಲದಿದ್ದರೂ ನಾನು ಒಳ್ಳೆಯ ಅಕ್ಕನಾಗಿ ಆ ಕಾಲೇಜಿನಲ್ಲಿ ಇರುತ್ತಿದ್ದೆ. ಅದೇ ನನಗೆ ತಡೆಯಲಾಗಲಿಲ್ಲ.

“ಹಾಸ್ಟೆಲಿಗೆ ಅಂಜಿದ್ದು ಅವ್ವ,” ಅಂದೆ. “ನಾ ಚಿವುಟಿದ್ದು ಅದಕ್ಕಲ್ಲ. ಆ ಮನ್ಯಾಗ ನನ್ನ ಮಾತು ಯಾರೂ ಕೇಳ್ತಿದ್ದಿಲ್ಲ. ನಿನ್ನ ಮಾತು ನಾ ಹೇಳಿದ್ರ ಎಲ್ರೂ ಕೇಳ್ತಿದ್ರು. ನಿನ್ನ ಕಿವಿ ನೆಟ್ಟಗಾಗಿ, ನೀನ ಮಾತಾಡಾಕತ್ತಿದ್ರ ನನ್ನ ಯಾರು ಕೇಳ್ತಾರಂತ ಚಿವುಟಿದೆ.”

ಇಷ್ಟು ಹೇಳಲು ಎಷ್ಟು ಹೊತ್ತು ಹಿಡಿಯಿತೋ ಗೊತ್ತಿಲ್ಲ. ನಾಗರತ್ನ ಬಸ್ಸಿಗೆ ಹೊತ್ತಾಯಿತು ಅಂತ ಎದ್ದಳು. ಹುಲಿಗಿ ಕೂರು ಅಂದಳು, ಅವಳು ಕೂತಳು. ಆಮೇಲೆ ಹುಲಿಗಿ ತನ್ನ ಬಲಗೈಯನ್ನು ಕಾಗದದ ಮೇಲೆ ಚಾಚಿ, ಬೆರಳಿನ ಗಣ್ಣುಗಳನ್ನು ನೋಡಿಕೊಂಡಳು.

“ಮಾಸ್ತರು ಹೊಡಿಯೂವಾಗ ಕಿಟಕ್ಯಾಗ ನಿಂತಿರ್ತಿದ್ದಿ. ನನಗ ಕೇಳಿಸಂಗಿಲ್ಲಂತ ಅವತ್ತೂ ನಿನಗ ಗೊತ್ತಿತ್ತು.”

“ಗೊತ್ತಿತ್ತು.”

“ಹೇಳಲಿಲ್ಲ.”

“ಹೇಳಲಿಲ್ಲ.”

ಅವಳು ಎಡಗಿವಿಯ ಯಂತ್ರ ತೆಗೆದು ಚಾಪೆಯ ಮೇಲಿಟ್ಟಳು. ತಲೆನೋವು ಬಂದಾಗ, ಗದ್ದಲ ಬೇಡವಾದಾಗ ಹಾಗೆ ಮಾಡುವುದುಂಟು. ಅವತ್ತು ಬೇಡವಾದದ್ದು ನಾನು. ಬಲಗಿವಿ ಗೋಡೆಯ ಕಡೆ ತಿರುಗಿಸಿ ಕೂತು, ಉಳಿದ ಕಾಗದಗಳಿಗೆಲ್ಲ ಅಂಕ ಹಾಕಿ ಮುಗಿಸಿದಳು. ನಾಗರತ್ನಳಿಗೆ ಎರಡು ಅಂಕ ಸಿಗಲಿಲ್ಲ. ಅಲ್ಲೇ ಕೂತು ಚೌಕ ಬರೆದು ತಿದ್ದಿಕೊಟ್ಟಳು, ಅದಕ್ಕೆ ಒಂದು ಸಿಕ್ಕಿತು. ಹುಲಿಗಿ ಊಟ ಮಾಡಿದಳು. ಪಲ್ಯ ಚೆನ್ನಾಗಿದೆ ಅನ್ನಲಿಲ್ಲ. ಇಬ್ಬರೂ ಒಂದೇ ಬಸ್ಸಿಗೆ ಹೋದರು.

ಮುಂದಿನ ಭಾನುವಾರ ಅವಳು ಬರಲಿಲ್ಲ. ಪಡಸಾಲೆಯಲ್ಲಿ ಚಾಪೆ ಹಾಸಿ, ಸಂಜೆ ನಾನೇ ಸುತ್ತಿಟ್ಟೆ. ರೊಟ್ಟಿ ಒಯ್ಯಲು ಬಂದವರೊಬ್ಬರು ಇವತ್ತು ಮೇಡಂ ಇಲ್ಲೇನ್ರಿ ಅಂದರು. ಪರೀಕ್ಷೆ ಹತ್ತಿರ ಬಂತಲ್ಲ ಅಂದೆ. ಸುಳ್ಳು ನನ್ನ ಬಾಯಿಗೆ ಎಷ್ಟು ಬೇಗ ಬರುತ್ತದೆ ನೋಡಿ.

ಗುರುವಾರ ಫೋನು ಬಂತು. “ಮಂಗಳವಾರ ಹನ್ನೊಂದಕ್ಕ ಕಾಲೇಜಿಗೆ ಬಾ. ಹುಡುಗ್ರ ಮುಂದ ಕೂಡಬೇಕು.” ಯಾಕೆ ಅಂತ ಕೇಳುವ ಮೊದಲೇ ಇಟ್ಟಳು.

ಇಳಕಲ್ ಸೀರೆ ಉಟ್ಟು ಹೋದೆ. ಬಸ್ಸಿನಲ್ಲಿ ಇಡೀ ದಾರಿ ನನಗೆ ಶಿಕ್ಷೆ ಕೊಡುತ್ತಾರೆ ಅಂತಲೇ ಅನಿಸುತ್ತಿತ್ತು, ಈ ವಯಸ್ಸಿನಲ್ಲೂ. ತರಗತಿಯಲ್ಲಿ ಹದಿನಾಲ್ಕು ವಿದ್ಯಾರ್ಥಿಗಳು. ಗೋ​ಡೆಯ ಮೇಲೆ ನನ್ನ ಪಟ್ಟಿ, ಕಂಬಳಿ, ಕುರಿಮರಿ, ಬುತ್ತಿ. ಹುಲಿಗಿ ಮುಂದೆ ಒಂದು ಕುರ್ಚಿ ಹಾಕಿ ನನ್ನನ್ನು ಕೂರಿಸಿ, ವಿದ್ಯಾರ್ಥಿಗಳಿಗೆ ಹೇಳಿದಳು: ಇವತ್ತಿನ ಮಗುವಿಗೆ ಆರು ವರ್ಷ, ಹೆಸರು ಹುಲಿಗೆಮ್ಮ. ಜೊತೆಗೆ ಬಂದವರು ಇವರು, ಮಗುವಿನ ಅಕ್ಕ. ಏನು ಕೇಳಬೇಕೋ ಕೇಳಿ, ಯೋಜನೆ ಬರೆಯಿರಿ. ಇಷ್ಟು ಹೇಳಿ ಹಿಂದಿನ ಬೆಂಚಿಗೆ ಹೋಗಿ ಕೂತಳು.

ಕೈಗೆ ಕೊಟ್ಟ ಹಾಳೆಯಲ್ಲಿ ಒಂದು ಹೊಸ ಪ್ರಶ್ನೆ ಇತ್ತು, ಕನ್ನಡದಲ್ಲೇ. ಒಬ್ಬ ಹುಡುಗ ಗಟ್ಟಿಯಾಗಿ ಓದಿದ: ‘ಮಗುವಿನ ಮಾತು ಮನೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಯಾರಿಗೆ ತಿಳಿಯುತ್ತದೆ? ಅವರನ್ನು ಬೇರೆಯಾಗಿ ಕೂರಿಸಿ ಮಾತಾಡಿ. ಚಿಕಿತ್ಸೆ ಶುರುವಾದ ಮೇಲೆ ಅವರ ಕೆಲಸವೇನು ಅಂತ ಮೊದಲೇ ಹೇಳಿ.’ ಹನ್ನೊಂದು ವರ್ಷದ ನನ್ನನ್ನು ಯಾರೋ ಪಕ್ಕಕ್ಕೆ ಕರೆದು, ನೀನೂ ಬೇಕವ್ವ ಅಂದ ಹಾಗಾಯಿತು. ಸೀರೆಯ ಸೆರಗು ಸರಿ ಮಾಡಿಕೊಂಡೆ.

ಅವರು ಕೇಳಿದರು, ನಾನು ಹೇಳಿದೆ. ಕಿವಿ ಯಾವಾಗಿನಿಂದ ಸೋರುತ್ತಿತ್ತು, ಯಾವ ಮಾತು ಬರುತ್ತಿತ್ತು, ಶಿಬಿರದಲ್ಲಿ ಏನಾಯಿತು. ಮಿರ್ಚಿಭಜಿಗೆ ಎಲ್ಲರೂ ನಕ್ಕರು. ಚಿವುಟಿದ್ದಕ್ಕೆ ಯಾರೂ ನಗಲಿಲ್ಲ. ಕೊನೆಗೆ ನಾಗರತ್ನ ಎದ್ದು ಕೇಳಿದಳು: “ಆಕಿ ಮಾತು ಎಲ್ರಿಗೂ ತಿಳಿಯಾಕತ್ತಿದ ಮ್ಯಾಲ ನೀವೇನು ಮಾಡಿದ್ರಿ, ಅಕ್ಕಾರ?”

“ಒಂದಿನ ತಾನ ಅಂಗಡಿಗೆ ಹೋಗಿ, ತಾನ ಕೇಳಿ, ಸಕ್ರಿ ತಂದ್ಲು,” ಅಂದೆ. “ನಾ ಹಿತ್ತಲಕ್ಕ ಹೋಗಿ ಅತ್ತೆ. ಖುಷಿಗಂತ ಎಲ್ರಿಗೂ ಹೇಳಿದೆ. ಅರ್ಧ ಖುಷಿ ಇತ್ತು. ಇನ್ನರ್ಧ, ಇನ್ನ ನಾ ಯಾಕ ಬೇಕಂತ.”

ಹಿಂದಿನ ಬೆಂಚಿನಲ್ಲಿ ಹುಲಿಗಿ ನನ್ನ ಬಾಯನ್ನೇ ನೋಡುತ್ತಿದ್ದಳು, ಚಿಕ್ಕವಳಿದ್ದಾಗ ನೋಡುತ್ತಿದ್ದ ಹಾಗೆ. ಈ ಮಾತು ಅವಳೂ ಆಗಲೇ ಮೊದಲು ಕೇಳಿದ್ದು.

ಮೊನ್ನೆ ಭಾನುವಾರ ಬಂದಳು. ಚಾಪೆಯ ಮೇಲೆ ಹದಿನಾಲ್ಕು ಕಾಗದ, ಹದಿನಾಲ್ಕರಲ್ಲೂ ನಾನು. ಪಕ್ಕದಲ್ಲಿ ಕೂರು ಅಂತ ಅವಳೇ ಕರೆದಳು. ಹುಡುಗರು ಚೆನ್ನಾಗಿ ಬರೆದಿದ್ದರಂತೆ. ಆದರೆ ಎಲ್ಲರಿಗೂ ಒಂದೊಂದು ಅಂಕ ಕಳೆದಿದ್ದಳು. ಮಾಹಿತಿ ಕೊಟ್ಟವರನ್ನು ಎಷ್ಟು ನಂಬಬಹುದು ಅಂತ ಕೇಳುವ ಸಾಲು ಒಂದಿದೆಯಂತೆ. ಮೇಡಂ ಅಕ್ಕ ಅನ್ನುವ ದಾಕ್ಷಿಣ್ಯಕ್ಕೆ ಹದಿಮೂರು ಜನ ಪೂರ್ತಿ ನಂಬಬಹುದು ಅಂತ ಬರೆದಿದ್ದರು. ನಾಗರತ್ನ ಖಾಲಿ ಬಿಟ್ಟಿದ್ದಳು.

ಮತ್ತೇನು ಬರೆಯಬೇಕಿತ್ತು ಅವರು ಅಂತ ಕೇಳಿದೆ. 

ಹುಲಿಗಿ ಪೆನ್ನು ಎತ್ತಲಿಲ್ಲ, ಯೋಚನೆಯನ್ನೂ ಮಾಡಲಿಲ್ಲ. “ಮೊದಲ ಸಲ ಸುಳ್ಳು ಹೇಳಿದ್ಲು. ಮೂವತ್ತೊಂದು ವರ್ಷ ಆದ ಮ್ಯಾಲ, ಯಾರೂ ಕೇಳದ, ತಾನಾಗೇ ಖರೆ ಹೇಳಿದ್ಲು. ಎರಡೂ ಬರೀಬೇಕು. ಒಂದ ಬರದ್ರ ಅದು ನಮ್ಮಕ್ಕ ಅಲ್ಲ.”

ಕ್ಷಮಿಸಿದೆ ಅಂತ ಅವಳು ಅನ್ನಲಿಲ್ಲ, ನಾನೂ ಕೇಳಲಿಲ್ಲ. ಮುಂದಿನ ಕಾಗದ ಎತ್ತಿಕೊಂಡಳು. ಸ್ವಂತ ಅಕ್ಕನಿಗೂ ಒಂದು ಅಂಕ ಹೆಚ್ಚು ಹಾಕದ ಆ ಕೈ ನೋಡುತ್ತಾ ಕೂತಿದ್ದೆ, ಎಷ್ಟು ಹೆಮ್ಮೆ ಅಂತ ಹೇಳಲು ನನ್ನ ಐದನೆಯ ತರಗತಿಗೆ ಆಗುವುದಿಲ್ಲ. ಅವಳು ಹೋದ ಮೇಲೆ ಸಂಘದ ಠರಾವು ಪುಸ್ತಕದ ಹಿಂದಿನ ಖಾಲಿ ಹಾಳೆಗಳಲ್ಲಿ ಇದನ್ನು ಬರೆಯಲು ಕೂತೆ. ಎರಡೂ ಬರೆದಿದ್ದೇನೆ.